ಎತ್ತಂಗಡಿಯಾದ ಒಬ್ಬ ಕಮಾಂಡರ್: ಗೆಳೆಯನಿಗೊಂದು ಪತ್ರ

ಪ್ರಿಯ ಗಿರೀಶ,

ಮೊನ್ನೆ ಫೋನಿನಲ್ಲಿ ನೀನು "ಏನಿಲ್ಲ ಬಿಡೋ, ಬೇರೆ ಟೀಮಿಗೆ ಹಾಕಿದ್ದಾರೆ, ಅಷ್ಟೇ" ಅಂದೆ. ಅಂದವನು ಸೀದಾ ಮಳೆ ವಿಷಯಕ್ಕೆ ಹೋದೆ. ಸಾಗರದಲ್ಲಿ ಹೇಗೆ, ಲಿಂಗನಮಕ್ಕಿ ಎಷ್ಟು ತುಂಬಿದೆ ಅಂತ ಕೇಳಿದೆ. ಮೂವತ್ತು ವರ್ಷದಿಂದ ನಿನ್ನನ್ನು ನೋಡಿದ್ದೇನೆ. ನೀನಾಗಿ ಮಳೆ ಬಗ್ಗೆ ಕೇಳಿದರೆ ಏನೋ ಆಗಿದೆ ಅಂತಲೇ ಅರ್ಥ.

ಸಂಜೆ ನಿನ್ನ ಮನೆಯವರು ನನ್ನವಳಿಗೆ ಎಲ್ಲ ಹೇಳಿದರಂತೆ. ಹದಿನೇಳು ವರ್ಷದ ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ನೀನು ಶುರು ಮಾಡಿದ ವಿಭಾಗ ಅದು. ಈಗ ಅಲ್ಲಿ ಇನ್ನೂರು ಜನ. ಆ ಕುರ್ಚಿಯಲ್ಲಿ ನಿನ್ನ ಕೈಕೆಳಗಿದ್ದವನನ್ನೇ ಕೂರಿಸಿ, ನಿನ್ನನ್ನು ಪಕ್ಕದ ಕಟ್ಟಡಕ್ಕೆ ಎತ್ತಂಗಡಿ ಮಾಡಿದ್ದಾರೆ. ಅದಕ್ಕೂ ಮೊದಲು, ನೀನೇ ಇಂಟರ್‌ವ್ಯೂ ಮಾಡಿ ತಂದ ಹುಡುಗರು ನಿನ್ನನ್ನು ದಾಟಿ ಮೇಲಿನವರಿಗೆ ಮೇಲ್ ಹಾಕಿದ್ದರಂತೆ. ಕುರ್ಚಿ ಹೋದದ್ದಕ್ಕಿಂತ ನಿನಗೆ ಜಾಸ್ತಿ ಚುಚ್ಚಿದ್ದು ಅದೇ ಅಂತ ಕೇಳಿದೆ.

ಸಮಾಧಾನ ಹೇಳುವುದು ನನಗೆ ಬರಲ್ಲ. ಬರುವುದು ಇತಿಹಾಸದ ಪಾಠ ಮಾಡುವುದೊಂದೇ. ಹಾಗಾಗಿ ಒಬ್ಬನ ಕಥೆ ಬರೆಯುತ್ತಿದ್ದೇನೆ. ಬೇಸಿಗೆ ರಜೆ ಪೂರ್ತಿ ಈತನ ಹಿಂದೆ ಬಿದ್ದಿದ್ದೆ. ಹೆಸರು ಅಲೆಸ್ಟರ್ ಡೆನ್ನಿಸ್ಟನ್, ಬೇರೆ ದೇಶಗಳ ಗುಪ್ತ ಸಂದೇಶ ಬಿಡಿಸುವ ಬ್ರಿಟಿಷ್ ಆಫೀಸಿಗೆ ಮುಖ್ಯಸ್ಥನಾಗಿದ್ದವನು. ನೀನು ಕೇಳಿರಲ್ಲ. ಕೇಳದೇ ಇರುವುದಕ್ಕೂ ಕಾರಣ ಇದೆ, ಮುಂದೆ ಬರುತ್ತೆ.

ನಿನಗೋಸ್ಕರ ಹಾಕಿಯಿಂದಲೇ ಶುರು ಮಾಡುತ್ತೇನೆ. 1908ರ ಲಂಡನ್ ಒಲಿಂಪಿಕ್ಸ್. ಆಗ ಹಾಕಿಗೆ ಬಂದದ್ದು ಆರೇ ತಂಡ. ನಾವಿನ್ನೂ ಆ ಕಡೆ ಕಾಲಿಟ್ಟಿರಲಿಲ್ಲ. ಸ್ಕಾಟ್ಲೆಂಡ್ ತಂಡ ಮೊದಲ ಪಂದ್ಯದಲ್ಲಿ ಜರ್ಮನಿಯನ್ನು 4-0 ಗೋಲಿನಿಂದ ಹೊಡೆಯಿತು. ಮಾರನೇ ದಿನ ಇಂಗ್ಲೆಂಡ್ ಕೈಯಲ್ಲಿ 6-1ಕ್ಕೆ ಸೋತಿತು. ಆದರೂ ಕಂಚಿನ ಪದಕ ಬಂತು. ಆ ಸ್ಕಾಟ್ಲೆಂಡ್ ತಂಡದಲ್ಲಿ ಈ ಡೆನ್ನಿಸ್ಟನ್ ಇದ್ದ. ಗ್ರೀನಕ್ ಅನ್ನೋ ಬಂದರು ಊರಿನಲ್ಲಿ ಹುಟ್ಟಿದವನು. ಆಗ ವಯಸ್ಸು 26. ಆಳು ಕುಳ್ಳ. ಮುಂದೆ ಇಡೀ ಆಫೀಸು ಬೆನ್ನ ಹಿಂದೆ "ಆ ಕುಳ್ಳ ಮನುಷ್ಯ" ಅಂತಲೇ ಕರೆಯುತ್ತಿತ್ತು. ಜರ್ಮನಿಯನ್ನು ಅವನು ಎದುರಾಬದುರು ಕಂಡದ್ದು ಆ ಮೈದಾನದಲ್ಲಿ. ಅದಾದ ಮೇಲೆ ಬಾಕಿ ಎಲ್ಲ ಕಾಗದದ ಮೇಲೆ.

ಓದಿದ್ದು ಜರ್ಮನಿಯ ಬಾನ್‌ನಲ್ಲಿ, ಆಮೇಲೆ ಪ್ಯಾರಿಸ್‌ನಲ್ಲಿ. ಕೆಲಸ ಮೇಷ್ಟರದ್ದು, ನನ್ನ ಹಾಗೆ. ವೈಟ್ ದ್ವೀಪದ ಆಸ್ಬರ್ನ್‌ನಲ್ಲಿ ನೌಕಾಪಡೆಗೆ ಸೇರುವ ಹುಡುಗರ ಶಾಲೆ ಒಂದಿತ್ತು. ಅಲ್ಲಿ ಜರ್ಮನ್ ಪಾಠ. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಶಾಲೆಗೆ ಬೇಸಿಗೆ ರಜೆ.

ಯುದ್ಧ ಘೋಷಣೆಯಾದ ಮರುದಿನ ಬೆಳಗಿನ ಜಾವವೇ ಬ್ರಿಟಿಷರ ಹಡಗೊಂದು ಸಮುದ್ರದಡಿಯ ಜರ್ಮನ್ ಟೆಲಿಗ್ರಾಫ್ ಕೇಬಲ್‌ಗಳನ್ನು ಕತ್ತರಿಸಿ ಹಾಕಿತ್ತು. ಅಲ್ಲಿಗೆ ಜರ್ಮನರಿಗೆ ಉಳಿದದ್ದು ವೈರ್‌ಲೆಸ್. ಗಾಳಿಯಲ್ಲಿ ಬಿಟ್ಟ ಮಾತು ಯಾರ ಕಿವಿಗೂ ಬೀಳುತ್ತದೆ. ಬಿತ್ತು ಕೂಡ. ಲಂಡನ್ನಿನ ನೌಕಾ ಇಲಾಖೆ, ಅಂದರೆ ಅಡ್ಮಿರಾಲ್ಟಿಯ ಮೇಜಿನ ಮೇಲೆ ಅರ್ಥವಾಗದ ಅಕ್ಷರಗಳ ಕಾಗದ ರಾಶಿ ಬೀಳತೊಡಗಿತು. ಅದನ್ನು ನೋಡಿಕೊಳ್ಳಿ ಅಂತ ನೌಕಾಪಡೆಯ ಶಿಕ್ಷಣ ನಿರ್ದೇಶಕ ಆಲ್‌ಫ್ರೆಡ್ ಯೂಯಿಂಗ್ ಅನ್ನುವವರ ತಲೆಗೆ ಕಟ್ಟಿದರು. ಅವರು ಮಾಡಿದ್ದು, ಜರ್ಮನ್ ಬರುವ ಮೇಷ್ಟರುಗಳನ್ನು ರಜೆಯ ಮಟ್ಟಿಗೆ ಕರೆಸಿಕೊಂಡದ್ದು. ಡೆನ್ನಿಸ್ಟನ್ ಬಂದ. ಆ ರಜೆ ಮುಂದೆ ಮೂವತ್ತು ವರ್ಷ ಮುಗಿಯಲಿಲ್ಲ.

ಇವರು ಕೂತದ್ದು ಎಲ್ಲಿ ಗೊತ್ತಾ? ಯೂಯಿಂಗ್ ಸಾಹೇಬರ ಆಫೀಸಿನಲ್ಲೇ. ಶಾಲೆ, ಪರೀಕ್ಷೆ ಅಂತ ಸಾಹೇಬರನ್ನು ನೋಡಲು ಯಾರಾದರೂ ಬಂದರೆ ಇವರೆಲ್ಲ ಕಾಗದ ಬಾಚಿಕೊಂಡು ಪಕ್ಕದ ಕಾರ್ಯದರ್ಶಿಯ ಗೂಡಿನಂಥ ಕೋಣೆಗೆ ನುಗ್ಗಬೇಕು. ಬಂದವರು ಹೋಗುವ ತನಕ ಅಲ್ಲಿ ಉಸಿರು ಬಿಗಿಹಿಡಿದು ನಿಂತಿರಬೇಕು. ಇಷ್ಟಾಗಿ, ಒಬ್ಬನಿಗೂ ಕೋಡ್ ಬಿಡಿಸುವುದು ಅಂದರೇನು ಅಂತ ಗೊತ್ತಿರಲಿಲ್ಲ. ಮೊದಲ ವಾರಗಳಲ್ಲಿ ಮಾಡಿದ ಕೆಲಸ ಬರೀ ಕಾಗದಗಳನ್ನು ಬೇರೆ ಬೇರೆ ಕಟ್ಟಾಗಿ ಜೋಡಿಸಿಡುವುದು. ನಿನ್ನ ಮೊದಲ ಆಫೀಸ್ ನೆನಪಿದೆಯಾ? ಲಿಫ್ಟ್ ಪಕ್ಕದ ಸ್ಟೋರ್ ರೂಮು, ಒಂದೇ ಫ್ಯಾನು. ಇದನ್ನು ಓದುವಾಗ ನನಗೆ ಅದೇ ಕಣ್ಮುಂದೆ ಬಂತು.

ಅದೃಷ್ಟ ಕೈಹಿಡಿದದ್ದು ಬಾಲ್ಟಿಕ್ ಸಮುದ್ರದ ಕಡೆಯಿಂದ. 1914ರ ಆಗಸ್ಟ್ 26ರಂದು ಮಾಗ್ಡೆಬುರ್ಗ್ ಅನ್ನುವ ಜರ್ಮನ್ ಕ್ರೂಸರ್ ಮಂಜಿನಲ್ಲಿ ದಾರಿ ತಪ್ಪಿ, ಈಗಿನ ಎಸ್ಟೋನಿಯಾದ ಹತ್ತಿರ ಒಂದು ದ್ವೀಪದ ದಂಡೆಗೆ ಏರಿ ಕೂತುಬಿಟ್ಟಿತು. ಅದರಲ್ಲಿದ್ದ ಕೋಡ್ ಪುಸ್ತಕಗಳು ರಷ್ಯನ್ನರ ಕೈಗೆ ಸಿಕ್ಕವು. ಅದರಲ್ಲೊಂದನ್ನು, 151ನೇ ನಂಬರಿನ ಪ್ರತಿಯನ್ನು, ರಷ್ಯನ್ನರು ಬ್ರಿಟನ್ನಿಗೆ ಕೊಟ್ಟರು. ಅಕ್ಟೋಬರ್ 13ಕ್ಕೆ ಅದು ಚರ್ಚಿಲ್ ಕೈ ಸೇರಿತು. ಆಗ ನೌಕಾ ಇಲಾಖೆಯ ಮಂತ್ರಿ ಆತನೇ. ಮುಳುಗಿ ಸತ್ತ ನಾವಿಕನೊಬ್ಬ ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದ ಅಂತ ಚರ್ಚಿಲ್ ಆಮೇಲೆ ಬರೆದ. ಪುಸ್ತಕ ನೋಡಿದರೆ ನೀರು ಸೋಕಿದ ಗುರುತೇ ಇಲ್ಲ! ಚರ್ಚಿಲ್‌ಗೆ ಕಥೆ ಚೆನ್ನಾಗಿದ್ದರೆ ಸಾಕಿತ್ತು. (ಅದೇ ವರ್ಷ ಸೆಪ್ಟೆಂಬರ್ 22ರ ರಾತ್ರಿ ಎಮ್ಡೆನ್ ಅನ್ನುವ ಜರ್ಮನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾಕಿ ಬೆಂಕಿ ಎಬ್ಬಿಸಿದ್ದು. ನಮ್ಮ ಕಡೆಯ ಸಮುದ್ರಕ್ಕೂ ಯುದ್ಧ ಬಂದಿತ್ತು ಅಂತ ನೆನಪಿಸುತ್ತಿದ್ದೇನೆ, ಅಷ್ಟೇ.)

ಪುಸ್ತಕ ಸಿಕ್ಕ ಕೂಡಲೇ ಸಂದೇಶ ಓದಬಹುದು ಅಂದುಕೊಂಡರೆ, ಇಲ್ಲ. ಪುಸ್ತಕದಲ್ಲಿ ಒಂದೊಂದು ಮಾತಿಗೆ ಮೂರು ಅಕ್ಷರದ ಒಂದೊಂದು ಗುಂಪು ಇತ್ತು. ಜರ್ಮನರು ಆ ಗುಂಪಿನ ಅಕ್ಷರಗಳನ್ನೂ ಇನ್ನೊಂದು ಪಟ್ಟಿಯ ಪ್ರಕಾರ ಅದಲು ಬದಲು ಮಾಡಿ ಕಳಿಸುತ್ತಿದ್ದರು. ಅಜ್ಜಿಯ ಟ್ರಂಕಿನ ಬೀಗ ತೆಗೆದರೆ ಒಳಗೆ ಇನ್ನೊಂದು ಬೀಗದ ಡಬ್ಬಿ ಇರುತ್ತಲ್ಲ, ಹಾಗೆ. ಆ ಎರಡನೇ ಬೀಗ ತೆಗೆದವನು ಚಾರ್ಲ್ಸ್ ರಾಟರ್. ನೌಕಾಪಡೆಯಲ್ಲಿ ಸಂಬಳ ಬಟವಾಡೆ, ಲೆಕ್ಕಪತ್ರ ನೋಡುವ ಅಧಿಕಾರಿ. ಜರ್ಮನರು ಕೆಲವು ಸಂದೇಶಗಳಿಗೆ ಸಾಲಾಗಿ ನಂಬರ್ ಹಾಕುತ್ತಿದ್ದರು. ಒಂದಾದ ಮೇಲೆ ಎರಡು ಬರಲೇಬೇಕು, ಎರಡಾದ ಮೇಲೆ ಮೂರು. ಲೆಕ್ಕದ ಮನುಷ್ಯ ಆ ಎಳೆ ಹಿಡಿದು ಗಂಟು ಬಿಚ್ಚಿದ.

ನವೆಂಬರ್ 30ಕ್ಕೆ ಇನ್ನೊಂದು ತಮಾಷೆ. ಬ್ರಿಟಿಷ್ ಮೀನುಗಾರರ ಬಲೆಗೆ ಸೀಸದ ಪೆಟ್ಟಿಗೆ ಬಿತ್ತು. ಮುಳುಗಿದ ಜರ್ಮನ್ ಹಡಗಿನದು. ಒಳಗೆ ಮತ್ತೊಂದು ಕೋಡ್ ಪುಸ್ತಕ.

ಅಷ್ಟರಲ್ಲಿ ಇವರಿಗೆ ಬೇರೆ ಕೋಣೆ ಸಿಕ್ಕಿತ್ತು. ಅಡ್ಮಿರಾಲ್ಟಿಯ ಹಳೇ ಕಟ್ಟಡದ 40ನೇ ನಂಬರ್. ಜನ ಜಾಸ್ತಿಯಾಗಿ ಎಷ್ಟೋ ಕೋಣೆ ಹಿಡಿದರೂ ಹೆಸರು ಮಾತ್ರ "ರೂಮ್ 40" ಅಂತಲೇ ಉಳಿಯಿತು. ಕೆಳಗಿನಿಂದ ಗಾಳಿ ಒತ್ತಡದ ಕೊಳವೆಯಲ್ಲಿ ಸಂದೇಶದ ಡಬ್ಬಿಗಳು ದಡಬಡ ಅಂತ ಬಂದು ತಂತಿ ಬುಟ್ಟಿಗೆ ಬೀಳುತ್ತಿದ್ದವು. ಹಗಲು ರಾತ್ರಿ ಪಾಳಿ. ಪಾದ್ರಿ, ಪ್ರಕಾಶಕ, ಗ್ರೀಕ್ ಪಂಡಿತ, ಎಲ್ಲ ಥರದ ಜನ. ಆ ಗ್ರೀಕ್ ಪಂಡಿತನ ಹೆಸರು ಡಿಲ್ಲಿ ನಾಕ್ಸ್. ಬಿಸಿನೀರಿನ ತೊಟ್ಟಿಯಲ್ಲಿ ಕೂತರೇ ತಲೆ ಓಡುವುದು ಅಂತ ತನ್ನ ಕೋಣೆಗೆ ಸ್ನಾನದ ತೊಟ್ಟಿ ಇಡಿಸಿಕೊಂಡಿದ್ದ ಮಹಾಶಯ. ಇವನು ಮತ್ತೆ ಬರುತ್ತಾನೆ. ಡೆನ್ನಿಸ್ಟನ್‌ಗೆ ಹೆಂಡತಿ ಸಿಕ್ಕಿದ್ದೂ ಅಲ್ಲೇ. ಡೊರೊಥಿ ಗಿಲಿಯಟ್ ಅಲ್ಲಿನ ನೌಕರಳು. 1917ರಲ್ಲಿ ಮದುವೆ. ಗಂಡ ಏನು ಕೆಲಸ ಮಾಡುತ್ತಾನೆ ಅಂತ ಹೆಂಡತಿಗೆ ಗೊತ್ತಿದ್ದ ಅಪರೂಪದ ಸಂಸಾರ ಅದು.

ರೂಮ್ 40ರ ಹೆಸರು ಇತಿಹಾಸದಲ್ಲಿ ಉಳಿದದ್ದು ಜಿಮರ್‌ಮನ್ ಟೆಲಿಗ್ರಾಂನಿಂದ. ಅಮೆರಿಕದ ಮೇಲೆ ಯುದ್ಧಕ್ಕೆ ಬಾ ಅಂತ ಜರ್ಮನಿ ಮೆಕ್ಸಿಕೊಗೆ ಹೇಳಿಸಿದ ಗುಟ್ಟು ರಟ್ಟಾಯಿತು, 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಅದನ್ನು ನೀನು ಎಲ್ಲಾದರೂ ಓದಿರುತ್ತೀಯ. ನನಗೆ ಇಷ್ಟವಾದದ್ದು ಅದಲ್ಲ, ಜಟ್ಲೆಂಡ್ ನೌಕಾ ಯುದ್ಧದ ಕಥೆ.

1916ರ ಮೇ 31. ಕಾರ್ಯಾಚರಣೆ ವಿಭಾಗದ ಟಾಮಸ್ ಜ್ಯಾಕ್ಸನ್ ಅನ್ನುವ ಅಧಿಕಾರಿ ರೂಮ್ 40ಕ್ಕೆ ಬಂದ. "ಡಿ.ಕೆ. ಅನ್ನುವ ಕರೆ ಸಂಕೇತ ಎಲ್ಲಿದೆ?" ಅಂತ ಕೇಳಿದ. ಅದು ಜರ್ಮನ್ ಸೇನಾಧಿಪತಿಯ ಹಡಗಿನ ಸಂಕೇತ. "ವಿಲ್‌ಹೆಲ್ಮ್ಸ್‌ಹಾಫನ್ ಬಂದರಿನಲ್ಲಿ" ಅಂತ ಉತ್ತರ ಬಂತು. ಕೇಳಿಕೊಂಡು ಹೊರಟೇಹೋದ. ಯಾಕೆ ಅಂತ ಹೇಳಲಿಲ್ಲ. ಒಂದು ನಿಮಿಷ ನಿಂತಿದ್ದರೆ ಅಲ್ಲಿದ್ದವರು ಹೇಳುತ್ತಿದ್ದರು: ಡಿ.ಕೆ. ಬಂದರಿನಲ್ಲಿದ್ದಾಗ ಮಾತ್ರ ಬಳಸುವ ಸಂಕೇತ ಸ್ವಾಮಿ, ಸಮುದ್ರಕ್ಕೆ ಹೊರಡುವಾಗ ಅದನ್ನು ದಡದಲ್ಲೇ ಬಿಟ್ಟು ಬೇರೆ ಹೆಸರು ಹಿಡಿಯುತ್ತಾರೆ. ಜರ್ಮನರ ದಂಡು ಇನ್ನೂ ಬಂದರಿನಲ್ಲೇ ಇದೆ ಅಂತ ಬ್ರಿಟಿಷ್ ಸೇನಾಧಿಪತಿ ಜೆಲಿಕೊಗೆ ಸುದ್ದಿ ಹೋಯಿತು. ಕೆಲವೇ ಗಂಟೆಯಲ್ಲಿ ಅದೇ ದಂಡು ಸಮುದ್ರದ ನಡುವೆ ಎದುರಿಗೆ ಬಂತು. ಅಡ್ಮಿರಾಲ್ಟಿಯ ಸುದ್ದಿಯ ಮೇಲೆ ಜೆಲಿಕೊಗೆ ಇದ್ದ ನಂಬಿಕೆ ಹೋಯಿತು. ಅದೇ ರಾತ್ರಿ ಸರಿಯಾದ ಸುದ್ದಿ ಬಂದಾಗ ಅದನ್ನೂ ಆತ ನಂಬಲಿಲ್ಲ.

ಗೊತ್ತಿರುವವನನ್ನು ಅರ್ಧ ಪ್ರಶ್ನೆ ಕೇಳಿ ಹೊರಟುಹೋಗುವ ಸಾಹೇಬರನ್ನು ನೀನೂ ನೋಡಿದ್ದೀಯ, ನಾನೂ ನೋಡಿದ್ದೇನೆ.

1918ರ ನವೆಂಬರ್‌ನಲ್ಲಿ ಜರ್ಮನ್ ನೌಕಾಪಡೆ ಶರಣಾಯಿತು. ಡೆನ್ನಿಸ್ಟನ್ ದುಭಾಷಿಯಾಗಿ ಉತ್ತರದ ಸ್ಕಾಪ ಫ್ಲೋಗೆ ಹೋದ. ನಾಲ್ಕು ವರ್ಷ ಬರೀ ಸಂಕೇತಗಳಾಗಿ ನೋಡಿದ್ದ ಹಡಗುಗಳು ಕಬ್ಬಿಣದ ಹಡಗುಗಳಾಗಿ ಎದುರಿಗೆ ನಿಂತಾಗ ಅವನಿಗೆ ಏನನ್ನಿಸಿರಬಹುದು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಯುದ್ಧ ಮುಗಿದ ಮೇಲೆ ಎಲ್ಲರೂ ಅವರವರ ದಾರಿ ಹಿಡಿದರು. 1919ರಲ್ಲಿ ನೌಕಾಪಡೆ ಮತ್ತು ಭೂಸೇನೆಯ ಎರಡು ಕೋಡ್ ವಿಭಾಗಗಳಲ್ಲಿ ಉಳಿದವರನ್ನು ಸೇರಿಸಿ ಒಂದು ಸಣ್ಣ ಆಫೀಸ್ ಮಾಡಿದರು. ಹೆಸರು "ಸರ್ಕಾರಿ ಕೋಡ್ ಮತ್ತು ಸೈಫರ್ ಶಾಲೆ". ಹೊರಗೆ ಹೇಳುವ ಕೆಲಸ, ಸರ್ಕಾರದ ಕೋಡ್‌ಗಳು ಭದ್ರವಾಗಿವೆಯಾ ಅಂತ ನೋಡುವುದು. ಒಳಗಿನ ಕೆಲಸ, ಬೇರೆ ದೇಶಗಳ ತಂತಿ ಓದುವುದು. ಮುಖ್ಯಸ್ಥ ಡೆನ್ನಿಸ್ಟನ್. ಅಧಿಕಾರಿಗಳು 25 ಜನ, ಜೊತೆಗೆ ಗುಮಾಸ್ತರು. ಇಪ್ಪತ್ತು ವರ್ಷ ಈ ಅಂಗಡಿ ಬಾಗಿಲು ಮುಚ್ಚದಂತೆ ನೋಡಿಕೊಂಡದ್ದೇ ಆತನ ದೊಡ್ಡ ಕೆಲಸ ಅಂತ ನನಗೆ ಅನ್ನಿಸುತ್ತದೆ. ದುಡ್ಡಿಲ್ಲ, ಬಡ್ತಿ ಇಲ್ಲ, ಹೊರಗೆ ಹೇಳಿಕೊಳ್ಳುವ ಹಾಗಿಲ್ಲ. ಆದರೆ ಎಂಥೆಂಥ ಜನ ಇದ್ದರು ಅಂತೀಯ! ರಷ್ಯಾದ ಜಾರ್ ದೊರೆಗೆ ಕೋಡ್ ಬಿಡಿಸಿಕೊಡುತ್ತಿದ್ದ ಫೆಟರ್‌ಲೈನ್, ಕ್ರಾಂತಿಯಾದ ಮೇಲೆ ಓಡಿಬಂದು ಇಲ್ಲಿ ಕೂತು ಬೊಲ್ಶೆವಿಕರ ತಂತಿ ಬಿಡಿಸುತ್ತಿದ್ದ. ಎಮಿಲಿ ಆಂಡರ್ಸನ್ ಅನ್ನುವಾಕೆ ಆಫೀಸಿನಲ್ಲಿ ಕೋಡ್ ಬಿಡಿಸಿ, ಮನೆಗೆ ಹೋಗಿ ಮೊಜಾರ್ಟ್‌ನ ಪತ್ರಗಳನ್ನು ಇಂಗ್ಲಿಷಿಗೆ ತರುತ್ತಿದ್ದಳು. ಜಾನ್ ಟಿಲ್ಟ್‌ಮನ್ ಅನ್ನುವ ಸೇನಾಧಿಕಾರಿ 1920ರ ದಶಕದ ಬಹುಪಾಲು ನಮ್ಮ ಶಿಮ್ಲಾದಲ್ಲಿ ಕೂತು ರಷ್ಯನ್ ಸಂದೇಶ ಓದುತ್ತಿದ್ದ. ಆಮೇಲೆ ಆತ ಇವರ ಅತಿ ದೊಡ್ಡ ತಲೆಗಳಲ್ಲಿ ಒಬ್ಬನಾದ.

1927ರಲ್ಲಿ ದೊಡ್ಡ ಪೆಟ್ಟು ಬಿತ್ತು, ಅದೂ ಮನೆಯವರಿಂದಲೇ. ರಷ್ಯಾದ ಮೇಲೆ ಆರೋಪ ಸಾಬೀತು ಮಾಡಲು ಪ್ರಧಾನಿ ಬಾಲ್ಡ್‌ವಿನ್ ಸಂಸತ್ತಿನಲ್ಲಿ ನಿಂತು ರಷ್ಯನ್ನರ ಗುಪ್ತ ತಂತಿಗಳನ್ನೇ ಗಟ್ಟಿಯಾಗಿ ಓದಿಬಿಟ್ಟ. ರಷ್ಯನ್ನರು ಸುಮ್ನೆ ಇರುತ್ತಾರಾ? ಒಂದು ಸಲ ಬಳಸಿ ಎಸೆಯುವ ಕೀಲಿ ಪಟ್ಟಿಗೆ ಬದಲಾದರು. ಅದನ್ನು ಬಿಡಿಸಲು ಸಾಧ್ಯವೇ ಇಲ್ಲ. ವರ್ಷಗಳ ಕೆಲಸ ಒಂದು ಭಾಷಣಕ್ಕೆ ಹೋಯಿತು. ಈ ಸಂಕಟ ಡೆನ್ನಿಸ್ಟನ್ ಹದಿನೇಳು ವರ್ಷ ಆದ ಮೇಲೆ ಬರೆದ ಟಿಪ್ಪಣಿಯಲ್ಲೂ ಕಾಣುತ್ತದೆ.

ಮುಂದಿನ ಭಾಗ ನಿನಗೆ ಮುಖ್ಯ, ಗಮನವಿಟ್ಟು ಓದು. 1937ರ ಹೊತ್ತಿಗೆ ಇನ್ನೊಂದು ಯುದ್ಧ ಬರುತ್ತದೆ ಅಂತ ಡೆನ್ನಿಸ್ಟನ್‌ಗೆ ಖಾತ್ರಿಯಾಗಿತ್ತು. ರೂಮ್ 40ರಲ್ಲಿದ್ದು ಮತ್ತೆ ಪ್ರೊಫೆಸರ್‌ಗಳಾಗಿದ್ದ ಹಳೇ ಗೆಳೆಯರನ್ನು ಹಿಡಿದ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಿಗೆ ಹೋಗಿ ಅವರ ಪಂಕ್ತಿಯಲ್ಲಿ ಊಟ ಮಾಡುತ್ತಾ, ಯಾರು ಆಗುತ್ತಾರೆ, ಯಾರು ಆಗಲ್ಲ ಅಂತ ನೋಡುತ್ತಾ ಪಟ್ಟಿ ಮಾಡಿದ. "ಪ್ರೊಫೆಸರ್ ಥರದವರು" ಅಂತ ಆ ಪಟ್ಟಿಗೆ ಹೆಸರು. ಗಣಿತದವರನ್ನೂ ತೆಗೆದುಕೊಳ್ಳಬೇಕು ಅಂತ ಬರಬರುತ್ತಾ ಗೊತ್ತಾಯಿತು. ಅಲ್ಲಿಯ ತನಕ ಗಣಿತದವರು ಲೋಕಜ್ಞಾನ ಇಲ್ಲದವರು ಅನ್ನುವ ಅನುಮಾನ ಇತ್ತು. ಆ ಪಟ್ಟಿಗೆ ಬಂದವರಲ್ಲಿ ಅಲನ್ ಟ್ಯೂರಿಂಗ್ ಒಬ್ಬ, ಗಾರ್ಡನ್ ವೆಲ್ಚ್‌ಮನ್ ಇನ್ನೊಬ್ಬ. ಈ ಎರಡು ಹೆಸರು ನೆನಪಿಟ್ಟುಕೊ.

1939ರ ಜುಲೈ ಕೊನೆಗೆ ಪೋಲೆಂಡಿನಿಂದ ಕರೆ ಬಂತು. ಡೆನ್ನಿಸ್ಟನ್ ಮತ್ತು ತೊಟ್ಟಿಯ ಪಂಡಿತ ನಾಕ್ಸ್ ರೈಲು ಹತ್ತಿ, ಹಿಟ್ಲರನ ಜರ್ಮನಿಯ ಮಧ್ಯದಿಂದಲೇ ಹಾದು ವಾರ್ಸಾ ತಲುಪಿದರು. ಊರ ಹೊರಗೆ ಪಿರಿ ಅನ್ನುವ ಕಾಡು. ಅಲ್ಲಿನ ನೆಲಮಾಳಿಗೆಯಲ್ಲಿ ಪೋಲಿಷರು ತಾವು ಮಾಡಿಟ್ಟಿದ್ದ ಎನಿಗ್ಮಾ ಯಂತ್ರದ ನಕಲು ತೋರಿಸಿದರು. ಟೈಪ್‌ರೈಟರ್ ಥರದ ಯಂತ್ರ. ಒಂದು ಅಕ್ಷರ ಒತ್ತಿದರೆ ಬೇರೆ ಅಕ್ಷರದ ದೀಪ ಹತ್ತುತ್ತದೆ, ಪ್ರತಿ ಸಲ ಒತ್ತಿದಾಗಲೂ ಒಳಗಿನ ಚಕ್ರ ತಿರುಗಿ ಲೆಕ್ಕ ಬದಲಾಗುತ್ತದೆ. ಜರ್ಮನ್ ಸೇನೆಯ ಎನಿಗ್ಮಾವನ್ನು ರೆಯೆವ್‌ಸ್ಕಿ ಅನ್ನುವ ಪೋಲಿಷ್ ಹುಡುಗ 1932ರ ಕೊನೆಯಲ್ಲೇ ಬಿಡಿಸಿದ್ದ! ನಾಕ್ಸ್‌ಗೆ ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಅವನನ್ನು ಕಾಡಿದ್ದ ಒಂದು ಪ್ರಶ್ನೆ ಇತ್ತು: ಕೀಲಿಮಣೆಯ ಅಕ್ಷರಗಳು ಒಳಗಿನ ಚಕ್ರಕ್ಕೆ ಯಾವ ಕ್ರಮದಲ್ಲಿ ಸೇರುತ್ತವೆ? ಉತ್ತರ ಕೇಳಿದರೆ ಅಯ್ಯೋ ಅನ್ನಿಸುತ್ತದೆ. ಸೀದಾ ವರ್ಣಮಾಲೆಯ ಕ್ರಮ. ಎ ಗೆ ಎ, ಬಿ ಗೆ ಬಿ. ವಾಪಸ್ ಬರುವಾಗ ಕಾರಿನಲ್ಲಿ ನಾಕ್ಸ್ ಪೋಲಿಷರನ್ನು ಬಾಯಿಗೆ ಬಂದ ಹಾಗೆ ಬೈದ. ಅವರಿಗೆ ಇಂಗ್ಲಿಷ್ ಬರಲ್ಲ ಅಂದುಕೊಂಡಿದ್ದ. ಡೆನ್ನಿಸ್ಟನ್‌ಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತ್ತು. ಮಾರನೇ ದಿನ ಆ ಪೋಲಿಷ್ ಹುಡುಗರ ಜೊತೆ ಕೂತ ಮೇಲೆ ನಾಕ್ಸ್ ಮಗುವಿನ ಹಾಗೆ ಖುಷಿಯಾದ. ಊರಿಗೆ ಬಂದವನು ಅವರಿಗೆ ಕುದುರೆ ರೇಸಿನ ಚಿತ್ರವಿದ್ದ ರೇಷ್ಮೆ ಸ್ಕಾರ್ಫ್ ಕಳಿಸಿದ. ಇಂಥ ಪ್ರತಿಭಾವಂತರನ್ನು ಇಟ್ಟುಕೊಂಡು ಸಂಸಾರ ಮಾಡುವುದು ಏನು ಅಂತ ನಿನಗೆ ನಾನು ಹೇಳಬೇಕಾ? ನಾಕ್ಸ್ ರಾಜೀನಾಮೆ ಕೊಡುತ್ತೇನೆ ಅಂತ ಮತ್ತೆ ಮತ್ತೆ ಬರೆಯುತ್ತಿದ್ದ. ಡೆನ್ನಿಸ್ಟನ್ ಪ್ರತಿ ಸಲವೂ ಸಮಾಧಾನದಿಂದ ಉತ್ತರ ಬರೆಯುತ್ತಿದ್ದ.

ಪೋಲಿಷರು ಕೊಟ್ಟ ಒಂದು ಯಂತ್ರ ಆಗಸ್ಟ್‌ನಲ್ಲಿ ಲಂಡನ್ ಸೇರಿತು. ಅದೇ ತಿಂಗಳು ಇಡೀ ಆಫೀಸ್ ಬ್ಲೆಚ್‌ಲಿ ಪಾರ್ಕ್ ಅನ್ನುವ ಬಂಗಲೆಗೆ ಬಂತು. ಸೆಪ್ಟೆಂಬರ್ 3ಕ್ಕೆ ಯುದ್ಧ ಘೋಷಣೆ, 4ಕ್ಕೆ ಟ್ಯೂರಿಂಗ್ ಕೆಲಸಕ್ಕೆ ಹಾಜರು.

ಇಲ್ಲಿಂದ ಡೆನ್ನಿಸ್ಟನ್ ಕೈ ಸೋಲತೊಡಗಿತು. ಇದನ್ನು ಮುಚ್ಚಿಟ್ಟರೆ ನಿನಗೆ ಸುಳ್ಳು ಹೇಳಿದ ಹಾಗೆ. ನೌಕಾಪಡೆಯ ಎನಿಗ್ಮಾ ಉಳಿದವಕ್ಕಿಂತ ಗಟ್ಟಿ. ಅಟ್ಲಾಂಟಿಕ್‌ನಲ್ಲಿ ಜಲಾಂತರ್ಗಾಮಿಗಳು ಹಡಗು ಮೇಲೆ ಹಡಗು ಮುಳುಗಿಸುತ್ತಿದ್ದವು. 1940ರಲ್ಲಿ ಡೆನ್ನಿಸ್ಟನ್ ತನ್ನ ನೌಕಾ ವಿಭಾಗದ ಮುಖ್ಯಸ್ಥ ಫ್ರ್ಯಾಂಕ್ ಬರ್ಚ್‌ಗೆ ಹೇಳಿದನಂತೆ: ತಮ್ಮ ಸಂದೇಶ ನೀವು ಓದಬೇಕು ಅಂತ ಜರ್ಮನರಿಗೇನೂ ಇಷ್ಟವಿಲ್ಲ, ನೀವು ಓದುತ್ತೀರಿ ಅಂತಲೂ ನನಗೆ ಅನ್ನಿಸಲ್ಲ. ತಂಡದ ಹಿರಿಯ ಆಡುವ ಮಾತಾ ಇದು? ಟ್ಯೂರಿಂಗ್ ಮಾತ್ರ ಬಿಡಲಿಲ್ಲ. ಬೇರೆ ಯಾರೂ ಅದನ್ನು ಮುಟ್ಟುತ್ತಿಲ್ಲ, ನಾನೊಬ್ಬನೇ ಇಟ್ಟುಕೊಳ್ಳಬಹುದು ಅಂತ ಕೂತಿದ್ದನಂತೆ. 1941ರ ವಸಂತದಲ್ಲಿ ಕೆಲವು ಜರ್ಮನ್ ಹಡಗುಗಳಿಂದ ಕೀಲಿ ಪಟ್ಟಿಗಳು ಸಿಕ್ಕ ಮೇಲೆ ಅದನ್ನೂ ಬಿಡಿಸಿದರು.

ಆದರೆ ಅದೇ ಮನುಷ್ಯನ ಇನ್ನೊಂದು ರಾತ್ರಿ ನೋಡು. 1941ರ ಫೆಬ್ರವರಿ. ಅಮೆರಿಕ ಇನ್ನೂ ಯುದ್ಧಕ್ಕೆ ಬಂದಿಲ್ಲ. ಡೆನ್ನಿಸ್ಟನ್ ತನ್ನ ಕಾರ್ಯದರ್ಶಿ ಬಾರ್ಬರಾ ಅಬರ್ನೆಥಿಯನ್ನು ಕರೆದ. ಈ ರಾತ್ರಿ ಹನ್ನೆರಡು ಗಂಟೆಗೆ ನಾಲ್ವರು ಅಮೆರಿಕನ್ನರು ಬರುತ್ತಾರೆ, ಶೆರಿ ವೈನ್ ತಂದುಕೊಡಬೇಕು, ಅವರು ಯಾರು ಅಂತ ಯಾರಿಗೂ ಹೇಳಬಾರದು ಅಂದ. ಆ ಹುಡುಗಿ ಅಲ್ಲಿಯ ತನಕ ಸಿನಿಮಾ ಬಿಟ್ಟರೆ ಬೇರೆಲ್ಲೂ ಅಮೆರಿಕನ್ನರನ್ನು ನೋಡಿರಲಿಲ್ಲ. ಪರದೆ ಎಳೆದ ಕತ್ತಲ ಬಂಗಲೆ, ಸರಿರಾತ್ರಿ, ಗ್ಲಾಸು ಹಿಡಿದ ಗಂಭೀರ ಗಂಡಸರು. ಬಂದವರು ಜಪಾನಿನ ರಾಜತಾಂತ್ರಿಕ ಸಂಕೇತ ಬಿಡಿಸುವ ಯಂತ್ರ ತಂದಿದ್ದರು. ಎರಡು ದೇಶಗಳು ಇಂಥ ಗುಟ್ಟು ಹಂಚಿಕೊಳ್ಳುವ ರೂಢಿ ಶುರುವಾದದ್ದು ಆ ಶೆರಿಯ ಜೊತೆ. ಆ ವರ್ಷ ಶಸ್ತ್ರಚಿಕಿತ್ಸೆಯ ನೋವು ಮೈಯಲ್ಲಿ ಇದ್ದಾಗಲೇ ಡೆನ್ನಿಸ್ಟನ್ ಅಮೆರಿಕಕ್ಕೂ ಹೋಗಿಬಂದ. ಅಲ್ಲಿನ ವಿಲಿಯಂ ಫ್ರೀಡ್‌ಮನ್ ಅನ್ನುವ ಮಹಾ ಕೋಡ್ ಪಂಡಿತ ಅವನಿಗೆ ಜೀವದ ಗೆಳೆಯನಾದ.

ಬ್ಲೆಚ್‌ಲಿ ಮಾತ್ರ ಕೈಮೀರಿ ಬೆಳೆಯುತ್ತಿತ್ತು. 25 ಅಧಿಕಾರಿಗಳ ಆಫೀಸ್ ನಡೆಸಿದ ಕೈಗೆ ಕಾರ್ಖಾನೆ ಬಂದು ಬಿದ್ದಿತ್ತು. ಮೂರೂ ಸೇನೆಗಳು ತಲೆಗೊಂದು ಮಾತಾಡುತ್ತಿದ್ದವು. ಗುಮಾಸ್ತರಿಲ್ಲ, ಟೈಪಿಸ್ಟ್‌ಗಳಿಲ್ಲ. ಕಡೆಗೆ 1941ರ ಅಕ್ಟೋಬರ್ 21ರಂದು ನಾಲ್ವರು ಹುಡುಗರು ಎಲ್ಲರನ್ನೂ ದಾಟಿ ಸೀದಾ ಪ್ರಧಾನಿ ಚರ್ಚಿಲ್‌ಗೆ ಪತ್ರ ಬರೆದರು. ಟ್ಯೂರಿಂಗ್, ವೆಲ್ಚ್‌ಮನ್, ಅಲೆಕ್ಸಾಂಡರ್, ಮಿಲ್ನರ್-ಬ್ಯಾರಿ. ಮಿಲ್ನರ್-ಬ್ಯಾರಿ ಖುದ್ದಾಗಿ ಡೌನಿಂಗ್ ಸ್ಟ್ರೀಟ್‌ಗೆ ಹೋಗಿ ಕೊಟ್ಟುಬಂದ. ಕೆಲವೇ ಜನ ಕೊಟ್ಟರೂ ಸಾಕು, ಅವರಿಲ್ಲದೆ ಕೆಲಸ ನಿಂತಿದೆ ಅಂತ ಬರೆದಿದ್ದರು. ಇನ್ನೂ ಒಂದು ಸಾಲು ಇತ್ತು: ಇದು ಕಮಾಂಡರ್ ಟ್ರಾವಿಸ್ ಮೇಲಿನ ದೂರು ಅಂತ ದಯವಿಟ್ಟು ತಿಳಿಯಬೇಡಿ, ಅವರು ನಮಗೆ ಆದಷ್ಟೂ ಸಹಾಯ ಮಾಡಿದ್ದಾರೆ. ಟ್ರಾವಿಸ್ ಅಂದರೆ ಡೆನ್ನಿಸ್ಟನ್ ಕೈಕೆಳಗಿನವನು. ಡೆನ್ನಿಸ್ಟನ್ ಹೆಸರು ಪತ್ರದಲ್ಲಿ ಎಲ್ಲೂ ಇಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ಚರ್ಚಿಲ್ ಅದರ ಮೇಲೆ "ಇವತ್ತೇ ಆಗಬೇಕು" ಅಂತ ಚೀಟಿ ಅಂಟಿಸಿ, ಅವರು ಕೇಳಿದ್ದೆಲ್ಲ ಕೊಡಿ ಅಂತ ಬರೆದ. ನಾಲ್ಕು ತಿಂಗಳೂ ಆಗಲಿಲ್ಲ, 1942ರ ಫೆಬ್ರವರಿಯಲ್ಲಿ ಸಂಸ್ಥೆಯನ್ನು ಎರಡು ಮಾಡಿದರು. ಯುದ್ಧದ ಕೆಲಸ, ಬ್ಲೆಚ್‌ಲಿ, ಎಲ್ಲ ಟ್ರಾವಿಸ್‌ಗೆ. ರಾಯಭಾರಿಗಳ ತಂತಿ, ವ್ಯಾಪಾರದ ತಂತಿ ನೋಡುವ ಸಣ್ಣ ಭಾಗ ಡೆನ್ನಿಸ್ಟನ್‌ಗೆ. ಜಾಗ ಲಂಡನ್ನಿನ ಬರ್ಕ್ಲಿ ಸ್ಟ್ರೀಟ್.

ಗಿರೀಶ, ತೆಗೆದದ್ದು ತಪ್ಪು ಅಂತ ನಾನು ಹೇಳಲಾರೆ. ಟ್ರಾವಿಸ್ ಬಂದ ಮೇಲೆ ಕೆಲಸ ಸಲೀಸಾಯಿತು. 1945ರ ಹೊತ್ತಿಗೆ ಅಲ್ಲಿ ಸುಮಾರು 9000 ಜನ. ಅಷ್ಟು ದೊಡ್ಡದನ್ನು ನಡೆಸುವ ಗುಂಡಿಗೆ ಡೆನ್ನಿಸ್ಟನ್‌ಗೆ ಇರಲಿಲ್ಲ. ಆ ಹುಡುಗರು ಪತ್ರ ಬರೆದದ್ದೂ ಸರಿಯೇ. ಹಡಗು ಮುಳುಗುವಾಗ ಯಾರ ಮೂಲಕ ಅರ್ಜಿ ಹೋಗಬೇಕು ಅಂತ ನೋಡುತ್ತಾ ಕೂರೋಕಾಗುತ್ತಾ? ಆದರೆ ಪತ್ರ ಬರೆಯುವಂಥ ಹುಡುಗರು ಆ ಬಂಗಲೆಯೊಳಗೆ ಇದ್ದದ್ದು ಹೇಗೆ? ಟ್ಯೂರಿಂಗ್ ಮತ್ತು ವೆಲ್ಚ್‌ಮನ್ ಇಬ್ಬರೂ ಡೆನ್ನಿಸ್ಟನ್ನನ ಪಟ್ಟಿಯವರು. ಮಿಲ್ನರ್-ಬ್ಯಾರಿಯನ್ನು ಕರೆತಂದದ್ದು ವೆಲ್ಚ್‌ಮನ್. ಅಲೆಕ್ಸಾಂಡರ್ ಮಿಲ್ನರ್-ಬ್ಯಾರಿಯ ಚೆಸ್ ಗೆಳೆಯ. ಮೇಲಿನವರಿಗೆ ಹೆದರದವರನ್ನೇ ಡೆನ್ನಿಸ್ಟನ್ ಆರಿಸಿ ತಂದಿದ್ದ. ನೀನು ಆರಿಸುವಾಗಲೂ ಹಾಗೇ ಅಲ್ವಾ? "ಹೌದಪ್ಪ ಹೌದಪ್ಪ ಅನ್ನೋರು ನನಗೆ ಬೇಡ" ಅಂತ ನೀನೇ ಎಷ್ಟು ಸಲ ಹೇಳಿದ್ದೀಯ.

ಬರ್ಕ್ಲಿ ಸ್ಟ್ರೀಟ್‌ಗೆ ಹೋದ ಡೆನ್ನಿಸ್ಟನ್ ಮುಖ ಊದಿಸಿಕೊಂಡು ಕೂರಲಿಲ್ಲ. ಮತ್ತೆ ಸಣ್ಣ ಆಫೀಸ್, ಮತ್ತೆ ಅವನಿಗೆ ಬರುವ ಕೆಲಸ. ಜರ್ಮನ್ ವಿದೇಶಾಂಗ ಇಲಾಖೆಯ ಫ್ಲೋರಾಡೋರಾ ಅನ್ನುವ ಗಟ್ಟಿ ಕೋಡ್ ಬಿಡಿಸಿದ್ದು ಅದೇ 1942ರಲ್ಲಿ. ಬರ್ಲಿನ್‌ನಲ್ಲಿದ್ದ ಜಪಾನಿ ರಾಯಭಾರಿ ಓಶಿಮ ಹಿಟ್ಲರನ ಮನಸ್ಸಿನಲ್ಲಿರುವುದನ್ನೆಲ್ಲ ಟೋಕಿಯೊಗೆ ಉದ್ದುದ್ದ ಬರೆಯುತ್ತಿದ್ದ. ಅದನ್ನು ಟೋಕಿಯೊ ಓದಿದ ಹಾಗೆ ಲಂಡನ್ನೂ ಓದುತ್ತಿತ್ತು. ನಮ್ಮ ಕಡೆಯೂ ಇದರ ಕೊಂಡಿ ಇತ್ತು ಕಣೋ. ಜಪಾನಿ ಸೇನೆಯ ಸಂದೇಶ ಕೇಳಲು ದಿಲ್ಲಿಯ ಆನಂದ ಪರ್ವತದ ಕಾಲೇಜು ಕಟ್ಟಡದಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಅಂತ ಬ್ಲೆಚ್‌ಲಿಯ ಹೊರಠಾಣೆ ಇತ್ತು. ಅದರ ಒಂದು ಶಾಖೆ ನಿಮ್ಮ ಬೆಂಗಳೂರಿನಲ್ಲೇ ಇತ್ತು.

1945ರಲ್ಲಿ ನಿವೃತ್ತಿ. ಟ್ರಾವಿಸ್‌ಗೆ 1944ರಲ್ಲೇ ಸರ್ ಪದವಿ ಬಂದಿತ್ತು. ಡೆನ್ನಿಸ್ಟನ್‌ಗೆ ಬರಲೇ ಇಲ್ಲ. ಪಿಂಚಣಿಯೂ ಅಷ್ಟಕ್ಕಷ್ಟೇ. ಕುರ್ಚಿ ತೆಗೆದುಕೊಂಡದ್ದಕ್ಕೆ ನನ್ನ ತಕರಾರಿಲ್ಲ. ಈ ಜಿಪುಣತನಕ್ಕೆ ಮಾತ್ರ ಹೊಟ್ಟೆ ಉರಿಯುತ್ತದೆ. ಮೂವತ್ತು ವರ್ಷದ ರಜೆ ಮುಗಿಸಿದ ಮೇಷ್ಟರು ಮತ್ತೆ ಪಾಠಕ್ಕೆ ಹೋದ. ಲೆದರ್‌ಹೆಡ್ ಅನ್ನುವ ಊರಿನ ಶಾಲೆಯಲ್ಲಿ ಹುಡುಗರಿಗೆ ಫ್ರೆಂಚ್, ಲ್ಯಾಟಿನ್. ಕ್ರಿಯಾಪದ ತಪ್ಪು ಹೇಳಿ ಕಿವಿ ಹಿಂಡಿಸಿಕೊಂಡ ಹುಡುಗರಿಗೆ ಮೇಷ್ಟರು ಯಾರು ಅಂತ ಎಲ್ಲಿಂದ ಗೊತ್ತಾಗಬೇಕು? ಬ್ಲೆಚ್‌ಲಿಯ ಗುಟ್ಟು ಹೊರಗೆ ಬಂದದ್ದೇ 1974ರಲ್ಲಿ. ಡೆನ್ನಿಸ್ಟನ್ 1961ರ ಜನವರಿ 1ರಂದೇ ತೀರಿಕೊಂಡಿದ್ದ. ಪೇಪರಿನವರು ನಾಲ್ಕು ಸಾಲು ಕೂಡ ಬರೆಯಲಿಲ್ಲ.

ಅಮೆರಿಕದಿಂದ ಫ್ರೀಡ್‌ಮನ್ ಡೆನ್ನಿಸ್ಟನ್ನನ ಮಗಳಿಗೆ ಪತ್ರ ಬರೆದ. ನಿನ್ನ ಅಪ್ಪ ದೊಡ್ಡ ಮನುಷ್ಯ, ಇಂಗ್ಲಿಷ್ ಮಾತಾಡುವವರೆಲ್ಲ ಬಹಳ ಕಾಲ ಅವನ ಋಣದಲ್ಲಿರುತ್ತಾರೆ, ಅವನು ಏನು ಮಾಡಿದ ಅಂತ ಎಷ್ಟು ಕಡಿಮೆ ಜನಕ್ಕೆ ಗೊತ್ತು ಅನ್ನುವುದೇ ಸಂಕಟ ಅಂತ. ಏನು ಮಾಡಿದ ಅಂತ ಮಾತ್ರ ಆ ಪತ್ರದಲ್ಲೂ ಬರೆಯುವ ಹಾಗಿರಲಿಲ್ಲ. ಮಗಳು ಅದನ್ನು ಓದಿ ಏನು ಅಂದುಕೊಂಡಿರಬಹುದು ಹೇಳು.

ರಾತ್ರಿ ಹನ್ನೊಂದಾಯಿತು. ಕರೆಂಟ್ ಎರಡು ಸಲ ಹೋಗಿ ಬಂತು. ಲಿಂಗನಮಕ್ಕಿ ತುಂಬಲು ಇನ್ನೂ ಬಹಳ ಬಾಕಿ ಇದೆ, ಕೇಳಿದ್ದೆಯಲ್ಲ. ನಿನ್ನ ಹೊಸ ಕಟ್ಟಡದಲ್ಲಿ ಕಾಫಿ ಹೇಗಿದೆ ಬರೆ. ಆ ಹುಡುಗರಲ್ಲಿ ಯಾರಾದರೂ ಬಂದು ಮಾತಾಡಿಸಿದರಾ ಅಂತಲೂ ಬರೆ. ದಸರಾ ರಜೆಗೆ ಎಲ್ಲರೂ ಇಲ್ಲಿಗೇ ಬನ್ನಿ. ಕಾಲೇಜಿನ ಹಾಕಿ ಸ್ಟಿಕ್ ಎರಡೂ ಅಟ್ಟದ ಮೇಲೆ ಹಾಗೇ ಇವೆ. ನಿನ್ನದಕ್ಕೆ ಗೆದ್ದಲು ಹಿಡಿದಿದೆ, ನನ್ನದು ಚೆನ್ನಾಗಿದೆ.

ನಿನ್ನ,
ಶಶಿ